ಮೇಕಪ್ ಅತಿಯಾಯಿತಂತೆ

ಸುಂಕದಕಟ್ಟೆ
೧೭ ಆಗಸ್ಟ್ ೨೦೨೫

ಪ್ರೀತಿಯ ಕುಸುಮಾ,

ಚೆನ್ನಾಗಿದ್ದೀಯಾ? ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈದುಕೋ. ಕೋಪ ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಹಾಗೆಯೇ ಬರೆಯುತ್ತಿದ್ದೇನೆ.

ನಾನು ನಟಿಸಿದ ದೆವ್ವದ ಸಿನಿಮಾ ಬಿಡುಗಡೆಯಾಯಿತು. ಕಥೆ ನನಗೂ ಪೂರ್ತಿ ತಿಳಿಯಲಿಲ್ಲ ಕಣೇ. ನೀಲಿ ಬೆಳಕು, ಗೋಡೆ ಹತ್ತುವ ನೀರು, ಬಾಗಿಲು ತೆರೆದರೆ ಇನ್ನೊಂದು ಬಾಗಿಲು. ಕೊನೆಯ ಬಾಗಿಲಲ್ಲಿ ನಾನು. ವಿಮರ್ಶಕರು ಹಾಡಿ ಹೊಗಳಿದ್ದಾರೆ. ನೀರು ಗೋಡೆ ಹತ್ತಿದ್ದನ್ನು ನಂಬಿದ್ದಾರೆ, ನನ್ನ ಮುಖವೊಂದನ್ನು ನಂಬಿಲ್ಲ! 'ಆ ಹೆಂಗಸಿನ ಮೇಕಪ್ ಅತಿಯಾಯಿತು, ಮನುಷ್ಯರ ಮುಖ ಹೀಗೆ ಕರಗುವುದುಂಟೇ' ಎಂದು ಒಬ್ಬ. 'ಅಗ್ಗದ ರಬ್ಬರ್' ಎಂದು ಇನ್ನೊಬ್ಬ.

ಅವರು ನನಗೆ ಹಚ್ಚಿದ್ದು ಏನೂ ಇಲ್ಲ. ಹಣೆಯ ಕುಂಕುಮ ಒರೆಸಿದರು, ಅಷ್ಟೇ.

ಗಾರ್ಮೆಂಟ್ಸ್‌ನಲ್ಲಿ ಬಾಯ್ಲರ್ ಸಿಡಿದ ದಿನ ನನ್ನನ್ನು ಎಳೆದು ಹೊರಗೆ ತಂದವಳು ನೀನು. ನಿನ್ನ ಬೆಂದ ಕೈಯೂ ರಬ್ಬರೇ ಏನೇ? ಅಂಥದ್ದೇನೂ ಆಗಿಲ್ಲ ಎಂದು ಮಾಲೀಕ ಅಂದು ಕೋರ್ಟಿನಲ್ಲಿ ಹೇಳಿದ. ಇವರೂ ಅದನ್ನೇ ಬರೆದಿದ್ದಾರೆ, ಮೇಲೆ ನಾಲ್ಕು ನಕ್ಷತ್ರ ಕೊಟ್ಟು. ಮುಖಕ್ಕೆ ಸೆರಗು ಮುಚ್ಚದೆ ಪರದೆಯ ಮೇಲೆ ನಿಂತರೆ ಜನ ನೋಡುತ್ತಾರೆ, ಏನಾಯಿತೆಂದು ಕೇಳುತ್ತಾರೆ ಎಂದೇ ನಾನು ಒಪ್ಪಿದ್ದು.

ನಿರ್ದೇಶಕ ಯೋಗಾನಂದನಿಗೆ ಫೋನ್ ಮಾಡಿ, "ನಿಜ ಹೇಳಪ್ಪಾ ಅವರಿಗೆ" ಎಂದೆ.

"ಶಶಿಕಲಮ್ಮ, ಸುಮ್ನಿರಿ ಪ್ಲೀಸ್. ನಿಜ ಅಂದ್ರೆ, ಸುಟ್ಟೋರ್ನ ದೆವ್ವ ಮಾಡ್ದ ಅಂತ ನನ್ನೇ ಉಗೀತಾರೆ. ಮೇಕಪ್ ಅಂತ್ಲೇ ಇರ್ಲಿ."

"ಉಗಿಸ್ಕೊಳಯ್ಯಾ, ಒರೆಸ್ಕೊಂಡ್ರೆ ಹೋಗತ್ತೆ. ನಂದು ಹೋಗತ್ತಾ?"

ಫೋನ್ ಇಟ್ಟುಬಿಟ್ಟ.

ಇಡಲಿ. ಪತ್ರಿಕೆಗೆ ನಾನೇ ಬರೆದಿದ್ದೇನೆ, ಮುಖದ ಫೋಟೋ ಸಮೇತ. ನಿನ್ನ ಕೈಯ ಫೋಟೋವನ್ನೂ ಕಳಿಸು. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಯಾರ ಮುಂದೆಯೂ ತಲೆ ತಗ್ಗಿಸದೆ ಬೆಳೆಯಲಿ.

ನಿನ್ನ
ಶಶಿಕಲಾ

ಬರೆಯಬಾರದೆಂದಿದ್ದೆ, ಬರೆಯುತ್ತೇನೆ: ಪತ್ರಿಕೆಗೆ ಬರೆದ ಕಾಗದ ಇನ್ನೂ ಅಂಚೆಗೆ ಹೋಗಿಲ್ಲ. ಮಗಳು ಧನ್ಯಶ್ರೀ ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿದ್ದಾಳೆ, "ನಮ್ಮಮ್ಮ ಕಣ್ರೇ, ಏನ್ ಮೇಕಪ್ಪು ಅಲ್ವಾ!" ಎಂದು. ಮೇಕಪ್ ಇಲ್ಲದ ಆಂಟಿ ಫೋಟೋ ಹಾಕೇ ಎಂದು ಆಫೀಸಿನ ಗೆಳತಿಯರು ಕೇಳಿದರಂತೆ. ನನ್ನ ಮದುವೆಯ ಫೋಟೋ ಹಾಕಿದ್ದಾಳೆ. ಬಾಯ್ಲರ್ ಸಿಡಿದಾಗ ಅವಳಿನ್ನೂ ಹುಟ್ಟಿರಲಿಲ್ಲ. ಫೋಟೋದ ಆ ಮುಖವನ್ನು ಅವಳು ಎದುರಿಗೆ ಕಂಡೇ ಇಲ್ಲ ಕಣೇ.