ಅಕ್ಕನ ಹೆಸರಿನಲ್ಲಿ ಹೊಡೆದ ಎರಡು ಗೋಲು

ಮಾರ್ಚ್ 3, ಬೆಳಿಗ್ಗೆ 7

ಮಂಡಿ ವ್ಯಾಯಾಮ ಹತ್ತು ಸಲ. ಬಿಪಿ ಮಾತ್ರೆ ಆಯಿತು. ರಿಟೈರ್ಡ್ ನರ್ಸ್ ತಾನೇ ರೋಗಿಯಾದರೆ ಗದರಿಸಲೂ ಯಾರೂ ಇರುವುದಿಲ್ಲ.

ಅಕ್ಕನ ಫೋನ್. "ಕೇಳಿದ್ಯೇನೇ? ಫುಟ್‌ಬಾಲ್ ಸಂಘದವರು ನನಗೆ ಸನ್ಮಾನ ಮಾಡ್ತಾರಂತೆ!"

ಐವತ್ತೆರಡು ವರ್ಷದ ಹಿಂದಿನ ನಮ್ಮ ಹೆಂಗಸರ ಟೀಮಿನ ಹೆಸರುಗಳನ್ನು ಮೈದಾನದ ಗೋಡೆಯ ಮೇಲೆ ಬರೆಸುತ್ತಾರಂತೆ. ಹಳೆಯ ಪೇಪರಿನಲ್ಲಿ ಫೈನಲ್‌ನ ಎರಡೂ ಗೋಲು ಅಕ್ಕನ ಹೆಸರಿನಲ್ಲಿವೆ. ಅಕ್ಕ ಜನ್ಮದಲ್ಲಿ ಚೆಂಡು ಒದ್ದವಳಲ್ಲ. ಆಡಿದ್ದು ನಾನು! ಗೊತ್ತಾಗಿದ್ದರೆ ನರ್ಸಿಂಗ್ ಸ್ಕೂಲಿನಿಂದ ಹೊರಗೆ ಹಾಕುತ್ತಿದ್ದರು. ಅದಕ್ಕೇ ಅವಳ ಹೆಸರು ಕೊಟ್ಟಿದ್ದೆ. ಮರುವರ್ಷವೇ ಹೆಂಗಸರಿಗೆ ಮೈದಾನ ಕೊಡಬಾರದೆಂದು ಆದೇಶ ಹೊರಡಿಸಿದ್ದೂ ಇದೇ ಸಂಘ. ಈಗ ಸನ್ಮಾನ. ಭೇಷ್.

ಸಂಜೆ

ಮೊದಲು ನಗು ಬಂತು. ಆಮೇಲೆ ಹೊಟ್ಟೆ ಉರಿಯಿತು. ಆಗ ಹಾಸ್ಟೆಲ್ ವಾರ್ಡನ್‌ಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ, ಮದುವೆಯಾದ ಮೇಲೆ ಅತ್ತೆಗೆ... ಕೊನೆಗೆ ಅದೇ ಅಭ್ಯಾಸವಾಯಿತು. ಆ ಗೋಡೆಯ ಮೇಲೆ ನನ್ನ ಹೆಸರು ಬೇಕು. ಡೈರಿಯಲ್ಲಾದರೂ ಬರೆದೇಬಿಟ್ಟೆ.

ಮಾರ್ಚ್ 5

ಅಕ್ಕನ ಮನೆಗೆ ಹೋದೆ. ಎಪ್ಪತ್ತೇಳರಲ್ಲೂ ಹೊಲಿಗೆ ಮಿಷನ್ ಬಿಟ್ಟಿಲ್ಲ. ಸನ್ಮಾನಕ್ಕೆ ಹೊಸ ಬಟ್ಟೆ ಹೊಲಿದುಕೊಳ್ಳುತ್ತಿದ್ದಳು. ಎರಡೂ ಗೋಲು ಎಡಗಾಲಲ್ಲಿ ಹೊಡೆದೆನೆಂದು ಮೊಮ್ಮಕ್ಕಳ ಮುಂದೆ ಕೊಚ್ಚಿಕೊಂಡಿದ್ದಾಳೆ.

"ಎಡಗಾಲಲ್ಲ ಅಕ್ಕ, ಒಂದು ಬಲಗಾಲಲ್ಲಿ. ಇನ್ನೊಂದು ತಲೆಯಲ್ಲಿ ಹೊಡೆದಿದ್ದು."

"ಯಾವುದಾದ್ರೇನು, ಯಾರಿಗೆ ಗೊತ್ತಾಗತ್ತೆ ಬಿಡೇ."

"ನನಗೆ ಗೊತ್ತು."

ಮಿಷನ್ ನಿಂತಿತು. ಕಾಫಿಯನ್ನೂ ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ಅಳು.

ಮಾರ್ಚ್ 10

ಐದು ದಿನದಿಂದ ಅಕ್ಕನ ಫೋನಿಲ್ಲ. ಇವತ್ತು ಸಂಘದ ಕ್ಲಾರ್ಕ್ ಹುಡುಗಿ ಮಾಡಿದಳು.

"ಮೇಡಂ, ನಿಮ್ಮಕ್ಕ ಬಂದಿದ್ರು. ಆಡಿದ್ದು ನನ್ನ ತಂಗಿ, ನಾನು ಜರ್ಸಿ ಹೊಲಿದವಳು ಅಷ್ಟೆ, ಹೆಸರು ಬದಲಾಯಿಸಿ ಅಂತ ಮೇಜು ಕುಟ್ಟಿದ್ರು. ನಮ್ಮ ಸೆಕ್ರೆಟರಿ ಪುರಾವೆ ಕೇಳ್ತಿದ್ದಾರೆ."

"ಅದಕ್ಕೆ ಅಕ್ಕ ಏನಂದ್ಲು?"

"ಇಬ್ಬರ ಮುಂದೂ ಚೆಂಡು ಇಡಿ, ಗೊತ್ತಾಗತ್ತೆ ಅಂದ್ರು. ಸೆಕ್ರೆಟರಿನೂ ಒಪ್ಪಿದ್ದಾರೆ, ನಾಡಿದ್ದು ಮೈದಾನಕ್ಕೆ ಬನ್ನಿ."

ಅಕ್ಕನಿಗೆ ತಲೆ ಕೆಟ್ಟಿದೆ. ನನಗೀಗ ಎಪ್ಪತ್ತೆರಡು!

ಮಾರ್ಚ್ 12, ಮಧ್ಯಾಹ್ನ

ಈಗಷ್ಟೇ ಬಂದೆ. ಊಟಕ್ಕೂ ಮುಂಚೆ ಬರೆಯುತ್ತಿದ್ದೇನೆ.

ಮೈದಾನದಲ್ಲಿ ಸೆಕ್ರೆಟರಿ, ಕ್ಲಾರ್ಕ್ ಹುಡುಗಿ, ಪೇಂಟರ್. ಗೋಡೆಯ ಮೇಲೆ ಹತ್ತು ಹೆಸರು ಬರೆದಾಗಿತ್ತು, ಒಂದು ಜಾಗ ಖಾಲಿ. ಮೊದಲು ಅಕ್ಕ ಒದ್ದಳು. ಚಪ್ಪಲಿ ಹಾರಿ ಗೋಲಿನೊಳಗೆ ಬಿತ್ತು, ಚೆಂಡು ಇದ್ದಲ್ಲೇ ಇತ್ತು. ಸೆಕ್ರೆಟರಿ ಕೂಡ ನಕ್ಕರು.

ಆಮೇಲೆ ನಾನು. ಮಂಡಿ ಕಟಕ್ ಎಂದಿತು... ಬಲಗಾಲು. ಚೆಂಡು ಕಂಬದ ಒಳಬದಿಗೆ ತಗಲಿ ಸೀದಾ ಬಲೆಗೆ! ಹುಡುಗಿಯ ಹಾಗೆ ಕಿರುಚಿಬಿಟ್ಟೆ. ನಾಚಿಕೆಯೂ ಆಗಲಿಲ್ಲ.

ಪೇಂಟರ್ ಬ್ರಷ್ ಅದ್ದಿಕೊಂಡು ಕೇಳಿದ, "ಹೆಸರು ಹೇಳಿ ಅಮ್ಮ."

ಸೆರಗು ಸರಿಮಾಡಿಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ, ಒಂದೇ ಚಪ್ಪಲಿಯಲ್ಲಿ ನಿಂತು, ಇಡೀ ಮೈದಾನಕ್ಕೆ ಕೇಳುವ ಹಾಗೆ ನನ್ನ ಹೆಸರು ಕೂಗಿದಳು.