ಹಸಿರು ಸ್ಟಿಕ್ಕರ್

ಡಾಕ್ಟರಮ್ಮನವರಿಗೆ, ಕೃಷ್ಣಮೂರ್ತಿಪುರಂನಿಂದ ಚಿಕ್ಕಮಾದಮ್ಮ ಬರೆಯುವುದು.

ಸೋಮವಾರ ನಮ್ಮ ಯಜಮಾನರು ಮೂಗಯ್ಯನವರನ್ನು ನಿಮ್ಮಲ್ಲಿಗೆ ಕರೆತಂದಿದ್ದೆ. ಅವರನ್ನು ಗೋಡೆ ಕಡೆ ತಿರುಗಿಸಿ, ಹೆಂಡತಿ ಉಟ್ಟಿರುವ ಸೀರೆ ಯಾವ ಬಣ್ಣ ಎಂದು ಕೇಳಿದಿರಿ. ಅವರು ಬೆಬ್ಬೆಬ್ಬೆ ಅಂದರು. ನೀವು ನೆನಪು ಕಮ್ಮಿ ಎಂದು ಚೀಟಿ ಬರೆದಿರಿ. ಅದನ್ನು ನೋಡಿ ಮಗಳು ಪ್ರೀತಿ ಅಪ್ಪನ ಸೈಕಲ್ಲಿಗೆ ಬೀಗ ಹಾಕಿದ್ದಾಳೆ. ಯಾದವಗಿರಿಯಲ್ಲಿ ಅವರು ನೀರು ಹಾಕುವ ಮನೆಗಳ ಗಿಡಗಳು ಒಣಗುತ್ತಿವೆ. ಇವರು ದಿನವಿಡೀ ಅಡುಗೆಮನೆಯಲ್ಲಿ ನಿಂತು, ಈರುಳ್ಳಿ ಹೆಚ್ಚುವುದು ಹೇಗೆಂದು ನನಗೇ ಹೇಳಿಕೊಡುತ್ತಾರೆ.

ಅಮ್ಮಾ, ನಲವತ್ತಾರು ವರ್ಷದಿಂದ ಆ ಮನುಷ್ಯ ನನ್ನ ಸೀರೆ ನೋಡಿಲ್ಲ. ಅದಕ್ಕೆ ಮಾತ್ರೆ ಇದ್ದಿದ್ದರೆ ಆಗಲೇ ತರುತ್ತಿದ್ದೆ.

ನಿನ್ನೆ ನಾನೇ ಪರೀಕ್ಷೆ ಮಾಡಿದೆ. ಕುಂಕುಮದ ಬದಲು ಮೊಮ್ಮಗಳ ಹಸಿರು ಸ್ಟಿಕ್ಕರ್ ಅಂಟಿಸಿಕೊಂಡು ಕಾಫಿ ಕೊಟ್ಟೆ. ಲೋಟ ಹಿಡಿದವರು ನನ್ನ ಹಣೆಯನ್ನೇ ನೋಡಿದರು.

"ಯಾರಮ್ಮಿ ನೀನು? ನಮ್ಮನೆಯೋಳು ಎಲ್ಲೋದ್ಲು?" ಎಂದು ನಕ್ಕರು. "ಹೆಣ್ಣು ನೋಡಕ್ ಬಂದಾಗ್ಲೂ ಇಂಗೇ ಇದ್ದೆ ಕಣಮ್ಮಿ. ಕುಂಕುಮ ವಾರೆ, ಇಸ್ಕೊಂಡಿದ್ ರವಿಕೆ, ತೋಳು ಜಾರ್ತಿತ್ತು. ಉಪ್ಪಿಟ್ಟಿಗೆ ಉಪ್ಪೇ ಇರ್ನಿಲ್ಲ."

ರವಿಕೆ ಅಕ್ಕನದೆಂದು ಇಷ್ಟು ವರ್ಷ ನಾನು ಯಾರಿಗೂ ಹೇಳಿರಲಿಲ್ಲ. ಅವರಿಗೆ ಅವತ್ತೇ ಗೊತ್ತಾಗಿತ್ತಂತೆ.

ಆದ್ದರಿಂದ ಬೇರೆ ಚೀಟಿ ಕೊಡಿ. ಸೈಕಲ್ ತುಳಿಯಬಹುದು ಎಂದು ದಪ್ಪ ಅಕ್ಷರದಲ್ಲಿ, ಪ್ರೀತಿಗೆ ಕಾಣುವ ಹಾಗೆ ಬರೆಯಿರಿ. ಅವಸರವೇನಿಲ್ಲ, ಶುಕ್ರವಾರ ಕೊಟ್ಟರೂ ಸಾಕು. ಅಲ್ಲಿಯವರೆಗೆ ಅಂಟಿಸಿಕೊಳ್ಳಲು ಸ್ಟಿಕ್ಕರ್ ಹಾಳೆಯಲ್ಲಿ ಇನ್ನೂ ಮೂರು ಬಣ್ಣ ಉಳಿದಿವೆ.

ಇಂತಿ,
ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ
ಚಿಕ್ಕಮಾದಮ್ಮ