ತಡಿ, ತಡೀರಿ

ಮಾರ್ಚ್ 14, 2006. ವಿಜಯವಾಡ

ಆಸ್ಪತ್ರೆಯ ಎರಡನೇ ಮಹಡಿಗೆ ಟೈಲ್ ಹಾಕಿ ಮುಗಿಯಿತು. ಒಡೆದದ್ದು ಏಳು ಟೈಲ್. ಏಳೂ ನನ್ನ ಕೆಮ್ಮಿನಿಂದ — ಕಟರ್ ಹಿಡಿದ ಕೈ ಅಲುಗಿತು. ಸಂಜೆಗೆ ಕಟರೇ ಹೊಗೆ ಬಿಟ್ಟಿತು. ಆಟೋನಗರ್‌ಗೆ ಒಯ್ದೆ. ರಿಪೇರಿಯವನು ಬಿಚ್ಚಿ, ಒಳಗಿಂದ ಒಂದು ಹಿಡಿ ಪುಡಿ ತೆಗೆದು ತೋರಿಸಿದ. "ಮಷೀನ್ ಒಳಗೇ ಇಷ್ಟಿದೆ. ನಿಮ್ಮೆದೆ ಒಳಗೆ ಎಷ್ಟಿದೆಯೋ ತೋರಿಸಿಕೊಳ್ಳಿ."

ತೋರಿಸಿಕೊಂಡಾಗಿದೆ. ಡಾಕ್ಟರೂ ಅದನ್ನೇ ಅಂದರು. ಒಣ ಕೊಯ್ತ ಬಿಡಿ, ಇಲ್ಲ ಕೆಲಸ ಬಿಡಿ. ಅಪ್ಪ ಶಹಾಬಾದ್ ಕಲ್ಲಿನ ಗಣಿಯಲ್ಲಿ ಹೀಗೇ ಕೆಮ್ಮುತ್ತಿದ್ದ. ಐವತ್ತು ತುಂಬಲಿಲ್ಲ. ನನಗೆ ಮೂವತ್ತೊಂಬತ್ತು.

ನೀರು ಬಿಟ್ಟುಕೊಂಡು ಕೊಯ್ಯುವ ಮಷೀನ್ ತಗೊಳ್ಳಬೇಕು. ಇಲ್ಲೇ ಒನ್ ಟೌನ್ ಪೇಟೆಯಲ್ಲಿ ಸಿಗುತ್ತದಂತೆ.

ಮಾರ್ಚ್ 15

ಅಂಗಡಿ ಸಿಕ್ಕಿತು. ಕೌಂಟರಿನಲ್ಲಿ ಒಬ್ಬಾಕೆ. ಬೆಂಚಿನ ಮೇಲೆ ಕೂರಲು ಹೋದೆ. "ತಡಿ, ತಡಿ" ಅಂದಳು. ನಿಂತೆ. ಹತ್ತು ನಿಮಿಷ ಗರುಡಗಂಬದ ಹಾಗೆ ನಿಂತೇ ಇದ್ದೆ. ಇನ್ನೊಬ್ಬ ಗಿರಾಕಿಯ ವ್ಯಾಪಾರ ಮುಗಿಸಿ ಕೇಳಿದಳು, "ಅದೇನಂಡಿ, ಇನ್ನೂ ನಿಂತೇ ಇದ್ದೀರಿ? ಆ ಕಡೆ ಕುರ್ಚಿ ಇದೆಯಲ್ಲ."

"ನೀವೇ ತಡಿ ಅಂದಿರಿ."

ಹನ್ನೆರಡು ವರ್ಷದಿಂದ ತೆಲುಗಿನಲ್ಲೇ ಬದುಕುತ್ತಿದ್ದೇನೆ. ಆದರೂ ಗಡಿಬಿಡಿಯಲ್ಲಿ ಕಿವಿ ಕನ್ನಡದ್ದೇ. ಅವರ ತಡಿ ಅಂದರೆ ಒದ್ದೆ. ಬೆಂಚು ಒದ್ದೆಯಾಗಿತ್ತು. ನಮ್ಮಲ್ಲಿ ತಡಿ ಅಂದರೆ ಸ್ವಲ್ಪ ನಿಲ್ಲು, ಕಾದಿರು ಅಂತ ವಿವರಿಸಿದೆ. ನಕ್ಕಳು. ನಗುತ್ತಲೇ ಕೇಳಿದಳು, "ನಿಮಗೂ ತಡಿ ಅನ್ನಬಹುದಾ?"

"ಹೊರಗಿನವರಿಗೆ ತಡೀರಿ. ಮನೆಯವರಿಗಾದರೆ ತಡಿ."

"ಹಾಗಾದರೆ ತಡೀರಿ. ನೀಳ್ಳ ಮಷೀನ್ ತೋರಿಸುತ್ತೇನೆ."

ಇಲ್ಲಿ ಎಲ್ಲರೂ ಅನ್ನುವುದು ಅದೇ — ನೀಳ್ಳ ಮಷೀನ್, ನೀರಿನ ಮಷೀನು. ಮೇಜು, ಕೆಳಗೆ ನೀರಿನ ತೊಟ್ಟಿ, ಬ್ಲೇಡಿನ ಮೇಲೆ ನೀರು ಬಿಡುವ ಪಂಪು. ತಾನೇ ಸೆರಗು ಬಿಗಿದು ಒಂದು ಟೈಲ್ ಕೊಯ್ದು ತೋರಿಸಿದಳು. ಅಂಚು ಒಂದು ಚೂರೂ ಹಾರಲಿಲ್ಲ. ಧೂಳಿಲ್ಲ, ತೊಟ್ಟಿಗೆ ಮಜ್ಜಿಗೆಯಂಥ ನೀರು ಇಳಿಯಿತು. ಹೆಸರು ಹೈಮಾವತಿ. ಗಂಡ ತೀರಿ ನಾಲ್ಕು ವರ್ಷ. ಅಣ್ಣನ ಜೊತೆ ಅಂಗಡಿ ನಡೆಸುತ್ತಾಳೆ, ಅಂಗಡಿ ಮೇಲೇ ಮನೆ.

ಯೋಚಿಸಿ ಬರುತ್ತೇನೆ ಅಂದುಬಿಟ್ಟೆ. ಯೋಚಿಸುವುದಕ್ಕೆ ಏನಿತ್ತೋ!

ಏಪ್ರಿಲ್ 3. ದುವ್ವಾಡ

ವೈಜಾಗ್ ಪಕ್ಕದ ಈ ಊರಿಗೆ ಬಂದು ಒಂದು ವಾರ. ಕಂಪನಿಯೊಂದರ ಆಫೀಸು, ನಾಲ್ಕು ಮಹಡಿ, ಎಲ್ಲ ಎರಡಡಿ ಟೈಲ್. ಕಂಟ್ರಾಕ್ಟರ್ ಸತ್ಯಮೂರ್ತಿ ಗಾರು ಕೇಳಿದರು, ಮಷೀನ್ ವೈಜಾಗ್‌ನಲ್ಲಿ ಸಿಗೋದಿಲ್ಲವಾ? ವಿಜಯವಾಡದಲ್ಲಿ ವೆರೈಟಿ ಜಾಸ್ತಿ ಸಾರ್ ಅಂದೆ.

ಏಪ್ರಿಲ್ 22. ವಿಜಯವಾಡ

ಬೆಳಗಿನ ರೈಲು. ಎರಡಡಿ ಟೈಲನ್ನು ಮೂಲೆಯಿಂದ ಮೂಲೆಗೆ ಕೊಯ್ಯಲು ಆ ಮೇಜು ಸಾಲದು ಎಂದೆ. ಇದು ನಿಜ. ಆದರೆ ಇಡೀ ಕೆಲಸದಲ್ಲಿ ಅಂಥ ಟೈಲ್ ಬರುವುದು ಆರೋ ಏಳೋ. ಅವಳು ಟೇಪು ತಂದಳು, ಅಳೆದಳು. "ನಿಜವೇ. ದೊಡ್ಡದು ತರಿಸುತ್ತೇನೆ. ಮುಂದಿನ ತಿಂಗಳು ಬನ್ನಿ."

ಒಂದು ಭೇಟಿಗೆ ಒಂದು ಕನ್ನಡ ಪದ ಕೊಡಬೇಕಂತೆ. ಇವತ್ತು 'ಅಂಚು' ಹೇಳಿಕೊಟ್ಟೆ. ಅವರಲ್ಲೂ ಅದೇ ಪದ! ಮೋಸ ಮಾಡಿದಿರಿ, ಇನ್ನೊಂದು ಕೊಡಿ ಅಂದಳು. 'ಸಬೂಬು' ಕೊಟ್ಟೆ. ಅರ್ಥ ಹೇಳುವಾಗ ಅವಳ ಮುಖ ನೋಡಲು ಆಗಲಿಲ್ಲ.

ಜೂನ್ 11

ವಿಜಯವಾಡಕ್ಕೆ ಹೋಗಿ ಬಂದೆ. ದೊಡ್ಡ ಮೇಜು ಬಂದಿತ್ತು. ಏನೂ ತಪ್ಪು ಸಿಗಲಿಲ್ಲ. ಬಹಳ ಹುಡುಕಿ, ಪಂಪಿನ ಸದ್ದು ಸರಿಯಿಲ್ಲ ಅಂದೆ.

"ತಡೀರಿ" ಅಂದು ಪಂಪಿಗೆ ಕಿವಿ ಇಟ್ಟು ಕೇಳಿದಳು. ಆಮೇಲೆ ನನ್ನನ್ನು ನೋಡಿ, "ಸದ್ದು ಪಂಪಿನದಲ್ಲ ಅನಿಸುತ್ತೆ" ಅಂದಳು. ಎದೆ ಹೊಡೆದುಕೊಳ್ಳುತ್ತಿದ್ದದ್ದು ಕೇಳಿಸಿತೋ ಏನೋ.

ಊರಿಂದ ಅಕ್ಕ ಗಿರಿಜಮ್ಮನ ಫೋನ್. "ಏನೋ ತಮ್ಮಾ, ಒಂದು ಮಷೀನ್ ತಗೊಳ್ಳಲಾಕ ಎಷ್ಟ್ ಸಲ ಹೋಗ್ತಿ? ಕನ್ಯಾ ನೋಡ್ಲಾಕ ಹೊಂಟಂಗ ಹೊಂಟಿ." ಕೆಮ್ಮು ಬಂತು. ಬಂದದ್ದು ಒಳ್ಳೆಯದಾಯಿತು.

ಕೆಮ್ಮು ನಿಜವಾಗಿ ಜಾಸ್ತಿಯಾಗಿದೆ. ಮಷೀನ್ ತಗೊಂಡರೆ ಕೆಮ್ಮು ನಿಲ್ಲುತ್ತದೆ, ವಿಜಯವಾಡವೂ ನಿಲ್ಲುತ್ತದೆ.

ಆಗಸ್ಟ್ 27

ಎರಡು ತಿಂಗಳು ರಜೆ ಸಿಗಲಿಲ್ಲ. ಇವತ್ತು ಹೋದೆ. ಬಾಗಿಲಲ್ಲೇ, "ಬಡವಾಗಿದ್ದೀರಿ" ಅಂದಳು. ಚಹಾ ತರಿಸಿದಳು. ಕಪ್ಪು ನೋಡಿಕೊಂಡೇ ಹೇಳಿದಳು, "ಅಣ್ಣ ಒಂದು ಸಂಬಂಧ ತಂದಿದ್ದಾನೆ. ಏಲೂರಿನವರು. ದಸರಾ ದಿನ ಸಂಜೆ ಮಾತು ಕೊಡಬೇಕಂತೆ."

ನನ್ನ ಮಾತಿಗಾಗಿ ಕಾಯುತ್ತಿದ್ದಳು, ನನಗೆ ಗೊತ್ತು. ಗ್ರಾನೈಟಿಗೆ ಬೇರೆ ಬ್ಲೇಡ್ ಬೇಕಾ ಅಂತ ಕೇಳಿದೆ.

ನಾಲಿಗೆ ಬಿದ್ದುಹೋಗಿತ್ತೇ? ಮೂವತ್ತೊಂಬತ್ತು ವರ್ಷ ಹೊತ್ತು ತಿರುಗಿದ ನಾಲಿಗೆ. ಬೇರೆ ಬ್ಲೇಡ್ ಬೇಕು ಅಂದಳು. ಯಾವುದು ಅಂತ ಚೀಟಿಯಲ್ಲಿ ಬರೆದುಕೊಟ್ಟಳು. ಪದ ಕೇಳಲಿಲ್ಲ.

ಸೆಪ್ಟೆಂಬರ್ 5. ದುವ್ವಾಡ

ಸೈಟಿನಲ್ಲಿ ಕೆಮ್ಮಿ ಕೆಮ್ಮಿ ಕುಸಿದು ಕೂತೆ. ಸತ್ಯಮೂರ್ತಿ ಗಾರಿಗೆ ಸಿಟ್ಟು ಬಂತು. "ಸಾಕಯ್ಯಾ ನಿನ್ನ ವಿಜಯವಾಡ. ಇವತ್ತೇ ಇಲ್ಲಿ ತಗೋತೀನಿ. ಧೂಳು ಎಳೆಯೋದು ಒಂದಿದೆ, ನೀರಿಂದು ಒಂದಿದೆ. ಯಾವುದು, ಬೇಗ ಹೇಳು."

ಅವರ ಮೊಬೈಲಿನಿಂದಲೇ ಅಂಗಡಿಗೆ ಫೋನ್ ಮಾಡಿದೆ. ಅವಳೇ ಎತ್ತಿದಳು. "ಇಲ್ಲೇ ಮಷೀನ್ ತಗೋತಿದ್ದಾರೆ. ಧೂಳೆಳೆಯೋದಾ, ನೀರಿಂದಾ? ಏನು ಹೇಳಲಿ?" ಅಂದೆ. ಲೈನ್ ಹೋಯಿತು ಅಂದುಕೊಂಡೆ. ಆಮೇಲೆ ಮೆಲ್ಲಗೆ —

"ತಡಿ."

ಸರೇನಂಡಿ ಅಂದು ಇಟ್ಟೆ. ನೀರಿನದೇ ಸಾರ್ ಅಂದೆ. ಸಂಜೆಗೆ ಬಂತು.

ಸೆಪ್ಟೆಂಬರ್ 9

ಒಳ್ಳೆಯ ಮಷೀನ್. ಧೂಳಿಲ್ಲ. ನಾಲ್ಕು ದಿನದಲ್ಲಿ ಒಂದೂ ಟೈಲ್ ಒಡೆದಿಲ್ಲ. ಕೆಮ್ಮು ಅರ್ಧ ಇಳಿದಿದೆ.

ಸೆಪ್ಟೆಂಬರ್ 20

ಮಷೀನಿನಲ್ಲಿ ತಪ್ಪು ಹುಡುಕಿದೆ. ಇಲ್ಲ. ಹೋಗಲು ಏನೂ ಉಳಿದಿಲ್ಲ. ಅವಳನ್ನು ನೋಡಬೇಕು ಅನಿಸುತ್ತದೆ. ಊಟಕ್ಕೆ ಕೂತರೆ, ನೀರು ಬದಲಾಯಿಸುವಾಗ, ಸುಮ್ಮನೆ ನಿಂತಾಗ. ಎರಡು ಸಲ ಬೂತಿನಿಂದ ಫೋನ್ ಮಾಡಿದೆ. ಎರಡೂ ಸಲ ಅಣ್ಣ ಎತ್ತಿದ. ಇಟ್ಟುಬಿಟ್ಟೆ.

ಅಕ್ಟೋಬರ್ 1. ಆಯುಧ ಪೂಜೆ

ಮಷೀನ್ ತೊಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದೆವು. ಕಾಯಿ ಒಡೆದು ಮೆಟ್ಟಿಲ ಮೇಲೆ ಕೂರಲು ಹೋದೆ. ಕಸ ಗುಡಿಸುವ ಭ್ರಮರಾಂಬ ಕೂಗಿದಳು, "ಬಾಬೂ, ತಡಿ, ತಡಿ!"

ನಿಂತೆ. ಅದೇ ಹಳೇ ಕಿವಿ. ಮೆಟ್ಟಿಲು ಒದ್ದೆಯಾಗಿತ್ತು. ನಗು ಬಂತು. ಆಮೇಲೆ ಬರಲಿಲ್ಲ.

ತಡಿ ಅನ್ನುವುದು ಮೆಟ್ಟಿಲಿಗೆ. ಬೆಂಚಿಗೆ. ಮಷೀನಿಗೆ ಯಾರೂ ಅನ್ನುವುದಿಲ್ಲ. ಅವಳು ಒಂದು ದಿನವೂ ಅಂದಿಲ್ಲ. ಮೊದಲ ದಿನದಿಂದ ಅವಳ ಬಾಯಲ್ಲಿ ಅದು ನೀಳ್ಳ ಮಷೀನ್.

ಹಾಗಾದರೆ ಫೋನಿನಲ್ಲಿ ಅವಳು ಅಂದದ್ದು ತೆಲುಗಲ್ಲ.

ನನಗೆ ಅವಳು ಯಾವಾಗಲೂ ತಡೀರಿ ಅನ್ನುತ್ತಿದ್ದಳು, ಅದಕ್ಕೇ ತೆಲುಗು ಅಂದುಕೊಂಡೆ. ಹೊರಗಿನವರಿಗೆ ತಡೀರಿ, ಮನೆಯವರಿಗೆ ತಡಿ — ಹೇಳಿಕೊಟ್ಟವನು ನಾನೇ. ಅವಳು ನನ್ನ ಭಾಷೆಯಲ್ಲಿ ಹೇಳಿದಳು. ನಾನು ಅವಳ ಭಾಷೆಯಲ್ಲಿ, ಒದ್ದೆಯ ಮಷೀನ್ ಅಂತ, ಕೇಳಿಸಿಕೊಂಡೆ. ಸರೇನಂಡಿ ಅಂದು ಇಟ್ಟೆ! ಎಂಥ ಹೆಡ್ಡ ನಾನು.

ಫೋನ್ ಮಾಡಿದೆ. ಹಬ್ಬ, ಅಂಗಡಿ ಮುಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ನಾಳೆಯೇ ದಸರಾ.

ಅಕ್ಟೋಬರ್ 2. ಮಧ್ಯಾಹ್ನ 2.40. ರೈಲು

ಗುಣದಲ ದಾಟಿ, ವಿಜಯವಾಡದ ಹೊರಗೇ ನಿಂತಿದೆ. ಅರ್ಧ ಗಂಟೆಯಾಯಿತು. ಬೋಗಿ ತುಂಬ ದುರ್ಗಮ್ಮನ ದರ್ಶನಕ್ಕೆ ಹೊರಟ ಕೆಂಪು ಬಟ್ಟೆಯವರು. ಕಾಲಿಡಲು ಜಾಗವಿಲ್ಲ. ಕಾಲುವೆ ಆ ಕಡೆಯ ಮನೆಗಳು ಕಾಣುತ್ತಿವೆ. ಇಳಿದು ನಡೆದರೆ ಸಂಜೆಯೊಳಗೆ ಮುಟ್ಟಬಹುದೇ ಅಂತ ಲೆಕ್ಕ ಹಾಕುತ್ತಿದ್ದೇನೆ.

ಎದುರಿನ ಮುದುಕರು ಕೇಳಿದರು, "ತಮ್ಮದೂ ದರ್ಶನವೇನಾ?"

ಅಲ್ಲ ಅಂದೆ. ಮತ್ತೇನು ಕೆಲಸ? ಈ ಆರು ತಿಂಗಳು ಯಾರು ಕೇಳಿದರೂ ಉತ್ತರ ಸಿದ್ಧವಿತ್ತು, ಮಷೀನ್ ನೋಡಲು ಅಂತ. ಇವತ್ತು ಕೈಯಲ್ಲಿ ಟೇಪೂ ಇಲ್ಲ.

"ಒಬ್ಬರು ತಡಿ ಅಂದಿದ್ದರು," ಅಂದೆ.

ಮುದುಕರು ತಕ್ಷಣ ಕಾಲೆತ್ತಿ ನೆಲ ನೋಡಿದರು. "ಎಲ್ಲಿ ತಡಿ? ಒಣಗಿಯೇ ಇದೆಯಲ್ಲ ಬಾಬೂ."

ಇಲ್ಲ ತಾತಗಾರೂ, ಇದು ಬೇರೆ, ಅಂತ ಶುರು ಮಾಡಿದೆ. ಹೇಗೆ ಹೇಳುವುದು. ಇದು ನಮ್ಮ ಕಡೆಯ ಮಾತು, ಮನೆಯವರಿಗೆ ಮಾತ್ರ —

ರೈಲು ಅಲುಗಿತು. ಹೊರಡುತ್ತಿದೆ. ಹೈಮಾವತಿ, ತಡಿ.